ನೂರು ಎತ್ತುಗಳ ಮುಂದೆ ನಿಂತ ತಂಗಿ

ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ನಾನು ನಮ್ಮ ಪಡಸಾಲೆಯ ಎರಡೂ ಕಿಟಕಿ ಮುಚ್ಚಿ, ಬಾಗಿಲಿಗೆ ಹಳೆಯ ಸೀರೆ ಹೊಲಿದ ಕೌದಿ ಇಳಿಬಿಟ್ಟು, ದೇವರ ಮುಂದೆ ದೀಪ ಹಚ್ಚಿ ರಾತ್ರಿ ಮಾಡಿದೆ. ಇಂಥ ಬುದ್ಧಿ ನನಗೆ ಹೇಗೆ ಬಂತೋ ಇವತ್ತಿಗೂ ತಿಳಿಯದು. ದೇವರಿಗೆ ಮೋಸ ಮಾಡುವ ಮನಸ್ಸು ನನ್ನದಾಗಿರಲಿಲ್ಲ. ಕಥೆ ಹೇಳುವ ಆಸೆ ಮಾತ್ರ ಇತ್ತು.

ನಮ್ಮ ಕಡೆ ಹಗಲು ಹೊತ್ತು ಕಥೆ ಹೇಳುವುದಿಲ್ಲ. ಹಗಲಲ್ಲಿ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ದೆವ್ವ, ಮಾಯಗಾತಿ, ಮಾತಾಡುವ ಹಾವು, ಕಲ್ಲಾದ ರಾಜಕುಮಾರ ಇವೆಲ್ಲ ದೀಪ ಹಚ್ಚಿದ ಮೇಲೆ ಬರಬೇಕಾದವರು. ನಮ್ಮ ಅಜ್ಜಿ ಹಿರೇಕೆರೂರು ಕಡೆಯವಳು. ಅವಳ ಕಥೆಗಳನ್ನು ಅವ್ವ ಮದುವೆಯಾಗಿ ಬರುವಾಗ ಹಾನಗಲ್ಲಿಗೆ ತಂದಳು, ನಾನು ಸವಣೂರಿಗೆ ತಂದೆ. ಕಥೆಗಳ ಜೊತೆಗೆ ಅವುಗಳ ಕಟ್ಟುಪಾಡೂ ಬಂತು. ಹಗಲಲ್ಲಿ ಹೇಳಬಾರದು, ಒಂದು. ಕೇಳುವವರು ಮಾತಿಗೊಮ್ಮೆ ‘ಹೂಂ’ ಅನ್ನುತ್ತಿರಬೇಕು, ಎರಡು. ಹೂಂ ಅನ್ನಲು ಯಾರೂ ಇಲ್ಲದಿದ್ದರೆ ಬೀಸುವ ಕಲ್ಲಿಗೆ ಹೇಳಬಹುದು, ಅದು ಗರಗರ ಎಂದು ತನ್ನ ರೀತಿಯಲ್ಲಿ ಹೂಂಗುಟ್ಟುತ್ತದೆ. ಮೂರನೆಯದು, ಕಥೆಯನ್ನು ಅರ್ಧಕ್ಕೆ ಬಿಡಬಾರದು. ಬಿಟ್ಟರೆ ಕಥೆಯೊಳಗಿನವರು ಎಲ್ಲಿದ್ದರೋ ಅಲ್ಲೇ ನಿಂತುಬಿಡುತ್ತಾರೆ, ಹೇಳಿದವರಿಗೂ ನೆಮ್ಮದಿ ಇರುವುದಿಲ್ಲ.

ಅಂದು ನಮ್ಮ ಮನೆಗೆ ಬಂದವರು ಇಬ್ಬರು ಹುಡುಗಿಯರು. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುವವರು. ನಮ್ಮ ಮಗಳಿಗೆ ಬಸ್ಸಿನಲ್ಲಿ ಪರಿಚಯವಾಗಿ, ‘ನಮ್ಮವ್ವಗ ಭಾಳ ಕಥಿ ಬರ್ತಾವು’ ಎಂದು ಅವಳೇ ಹೇಳಿ ಕಳಿಸಿದ್ದಳು. ಸಂಜೆ ಬರ್ರಿ ಅಂದರೆ ಅವರಿಗೆ ತಿರುಗಿ ಹೋಗಲು ಬಸ್ಸಿಲ್ಲ. ನಾಳೆ ಬರ್ರಿ ಅಂದರೆ ನಾನು ಇರುವುದಿಲ್ಲ, ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಅಂದೇ ಸಂಜೆಯೊಳಗೆ ಬರುವವನಿದ್ದ.

“ಹಗಲಾಗ ಹೇಳಬಾರದವ್ವಾ,” ಎಂದೆ. “ಸೋದರಮಾವ ದಾರಿ ತಪ್ತಾನ.”

“ಯಾರ ಸೋದರಮಾವರಿ? ಹೇಳಾವ್ರದೋ, ಕೇಳಾವ್ರದೋ?” ಕನ್ನಡಕದ ಹುಡುಗಿ ಬರೆದುಕೊಳ್ಳುತ್ತಲೇ ಕೇಳಿದಳು.

ಇಷ್ಟು ವರ್ಷದಲ್ಲಿ ಈ ವಿಚಾರ ನನ್ನ ತಲೆಗೆ ಬಂದಿರಲಿಲ್ಲ. ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಯೇ ಉತ್ತರ ಕೊಟ್ಟರು. “ಆ ಮನ್ಯಾಗ ಇರೂ ಹುಡುಗರದು.”

“ಹಂಗಾರ ನಮ್ಮ ಮಾವಂದಿರು ಬಚಾವ್,” ಎಂದು ಇನ್ನೊಬ್ಬಳು ನಕ್ಕಳು.

ನಮ್ಮ ಮನೆಯಲ್ಲಿರುವ ಹುಡುಗಿ ಎಂದರೆ ನನ್ನ ಮಗಳೊಬ್ಬಳೇ. ಅವಳ ಸೋದರಮಾವ ನನ್ನ ಅಣ್ಣ. ಅಲ್ಲಿಗೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಎಷ್ಟೋ ವರ್ಷಗಳ ಮೇಲೆ ನನ್ನ ಬಾಯಿಂದ ಕಥೆ ಕೇಳಲು ಯಾರೋ ಬಸ್ ಹತ್ತಿ ಬಂದಿದ್ದರು. ಮಗಳಿಗೆ ಫೋನಿದೆ, ಮನೆಯವರಿಗೆ ಅಂಗಡಿಯಿದೆ, ಅತ್ತೆಗೆ ನನ್ನ ಕಥೆಗಿಂತ ತಮ್ಮ ಕಥೆ ದೊಡ್ಡದು. ಹಾಗಾಗಿ ಕೌದಿ ತಂದು ಬಾಗಿಲಿಗೆ ಇಳಿಬಿಟ್ಟೆ. ದೀಪ ಹಚ್ಚಿದ ಮೇಲೆ ತಾನೇ ಕಥೆ? ಇಗೋ, ದೀಪ ಹಚ್ಚಿದೆ.

“ದೀಪ ಹಚ್ಚಿದ್ರ ರಾತ್ರಿ ಆಕ್ಕೈತೇನು?” ಎಂದರು ಅತ್ತೆ. “ಹಂಗಂತ ಮೊದಲ ಹಿತ್ತಲದಾಗಿನ ಕೋಳಿಗೆ ಹೇಳಿ ಬಾ.”

ಹುಡುಗಿಯರು ರೆಕಾರ್ಡ್ ಮಾಡಲು ತಮ್ಮ ಫೋನನ್ನು ನನ್ನ ಮುಂದೆ ಮಣೆಯ ಮೇಲೆ ಇಟ್ಟರು. ನಾನು ಅವ್ವನ ನೂರು ಎತ್ತಿನ ಕಥೆ ತೆಗೆದೆ.

ಏಳು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ. ಕಿರಿಯ ಅಣ್ಣ ಕಾಡಿಗೆ ಹುಲ್ಲು ತರಲು ಹೋದ, ನೀರಡಿಸಿತು. ಅಲ್ಲೊಂದು ಆನೆಯ ಕಾಲಿನಂಥ ಬೊಡ್ಡೆಯ ಮರ, ಅದರ ಪೊಟರೆಯಲ್ಲಿ ಒಬ್ಬ ಮಾಯಗಾತಿ. ನಾನು ಸವಣೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇಲ್ಲಿನ ದೊಡ್ಡ ಹುಣಸೆ ಮರಗಳನ್ನು ನೋಡಿ ನಿಂತಲ್ಲೇ ನಿಂತಿದ್ದೆ. ಅವ್ವ ಹೇಳುತ್ತಿದ್ದ ಬೊಡ್ಡೆ ಇದೇ ಅನಿಸಿತ್ತು. ಇವತ್ತಿಗೂ ಆ ಕಡೆ ಹೋದರೆ ಪೊಟರೆಯಲ್ಲಿ ಇಣುಕುವ ಧೈರ್ಯ ನನಗಿಲ್ಲ. ಇರಲಿ. ಮಾಯಗಾತಿ ಕೊಟ್ಟ ನೀರಿನಲ್ಲಿ ಒಂದು ಚಿಟಿಕೆ ಬೂದಿ ಇತ್ತು. ಕುಡಿದವನು ಬಿಳಿ ಎತ್ತಾದ. ಅವಳ ಬಳಿ ನೂರು ಗಾಣ, ನೂರು ಎತ್ತು, ಒಂದೇ ಬಣ್ಣ, ಒಂದೇ ಎತ್ತರ. ಎಲ್ಲವೂ ಯಾವುದೋ ಮನೆಯ ಗಂಡುಮಕ್ಕಳೇ. ಅಣ್ಣನನ್ನು ಹುಡುಕಿ ತಂಗಿ ಹೊರಟಳು. ಪಂಚಮಿಗೆ ಹಾಲೆರೆದ ಹುತ್ತದ ಹಾವು ದಾರಿ ಹೇಳಿತು, ಅವಳ ಬೊಗಸೆಗೆ ಅದೇ ಹಾಲನ್ನು ತಿರುಗಿ ಕೊಟ್ಟಿತು. ಈ ಹಾಲನ್ನು ನಿನ್ನ ಅಣ್ಣನ ಹಣೆಗೆ ಹಾಕು, ಮನುಷ್ಯನಾಗುತ್ತಾನೆ. ಬೇರೆ ಎತ್ತಿನ ಹಣೆಗೆ ಹಾಕಿದೆಯೋ, ನೀನು ಆಕಳಾಗುತ್ತೀ. ಬೊಗಸೆಯ ಹಾಲು ಬೆರಳ ಸಂದಿಯಲ್ಲಿ ತೊಟ್ಟಿಕ್ಕುತ್ತಿದೆ. ತಂಗಿ ನೂರು ಎತ್ತುಗಳ ಮುಂದೆ ನಿಂತಳು.

“ಹೂಂ,” ಎಂದರು ಇಬ್ಬರೂ.

ಆಗ ನನ್ನ ಫೋನು ಹೊಡೆದುಕೊಂಡಿತು. ಹಾನಗಲ್ಲಿನಿಂದ ಅತ್ತಿಗೆ, ಅಣ್ಣನ ಹೆಂಡತಿ.

“ತಂಗೆವ್ವಾ, ಮುಟ್ಯಾರೇನು?”

“ಯಾರು?”

“ನಿಮ್ಮಣ್ಣಾರು. ಎಂಟರ ಬಸ್ಸಿಗೆ ಹೋಗ್ಯಾರ. ಫೋನ್ ಹತ್ತವಲ್ದು. ಸಕ್ಕರಿ ಗುಳಿಗಿನೂ ಇಲ್ಲೇ ಬಿಟ್ಟು ಹೋಗ್ಯಾರ.”

ಹಾನಗಲ್ಲಿನಿಂದ ಶಿಗ್ಗಾಂವಿ, ಅಲ್ಲಿಂದ ಬಸ್ ಬದಲಿಸಿ ಸವಣೂರು. ಎಷ್ಟು ನಿಧಾನ ಬಂದರೂ ಹನ್ನೊಂದಕ್ಕೆ ಮುಟ್ಟಬೇಕು. ಗಡಿಯಾರದಲ್ಲಿ ಒಂದು ಗಂಟೆ ಆಗುತ್ತ ಬಂದಿತ್ತು. ಅತ್ತೆಯ ಮುಖ ನೋಡಿದೆ. ಅವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ನಾನು ಎದ್ದು ಕೌದಿ ಕಿತ್ತು, ಕಿಟಕಿ ತೆರೆದೆ. ಹೊರಗೆ ಹಾಡು ಹಗಲು. ಕಥೆ ಮುಂದುವರಿಸಲು ನನಗೆ ಬಾಯಿ ಏಳಲಿಲ್ಲ. ಹುಡುಗಿಯರಿಗೂ ಬಸ್ಸಿನ ಹೊತ್ತಾಯಿತು. ಅವರ ಕೈಗೆ ಎರಡೆರಡು ಶೇಂಗಾ ಉಂಡಿ ಕೊಟ್ಟು ಕಳಿಸಿದೆ. ಕನ್ನಡಕದವಳು ಹೊಸ್ತಿಲಲ್ಲಿ ನಿಂತು, “ಅಕಿ ಅಣ್ಣನ ಗುರ್ತ ಹಿಡದ್ಲೋ ಇಲ್ಲೋ, ಅಷ್ಟರ ಹೇಳ್ರಿ,” ಎಂದಳು. “ಬಸ್ ತಪ್ಪೀತು, ನಡೀರಿ,” ಎಂದೆ.

ಅಣ್ಣನ ಬಗ್ಗೆ ಇಷ್ಟೇಕೆ ಜೀವ ಹೊಡೆದುಕೊಂಡಿತು ಎನ್ನುವುದನ್ನು ಹೇಳಬೇಕು. ಕಳೆದ ಎರಡು ಪಂಚಮಿಗೂ ಅವನು ಬಂದಿರಲಿಲ್ಲ. ಅವ್ವ ತೀರಿಕೊಂಡು ವರ್ಷ ತುಂಬಿದ ದಿನ ನಾನು ತವರಿಗೆ ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿ ಅವ್ವನ ಬೀಸುವ ಕಲ್ಲು ಇರಲಿಲ್ಲ. ಹೆದ್ದಾರಿಯ ಯಾವುದೋ ಹೋಟೆಲಿನವರು ಹಳೆಯ ಸಾಮಾನು ಹುಡುಕಿಕೊಂಡು ಬಂದಿದ್ದರಂತೆ, ಬಾಗಿಲ ಮುಂದೆ ಚಂದಕ್ಕೆ ಜೋಡಿಸಲು. ಅಣ್ಣ ಒಂದು ಪೈಸೆ ತೆಗೆದುಕೊಳ್ಳದೆ ಎತ್ತಿ ಕೊಟ್ಟುಬಿಟ್ಟಿದ್ದ. ಆ ಕಲ್ಲಿನ ಪಕ್ಕದಲ್ಲಿ ಕೂತು ನಾವಿಬ್ಬರೂ ಕಥೆ ಕೇಳಿ ದೊಡ್ಡವರಾದದ್ದು. ಮೂವತ್ತು ಮಂದಿ ಉಣ್ಣಲು ಕೂತಿದ್ದರು. ಅಷ್ಟೂ ಮಂದಿಯ ಮುಂದೆ, “ಅವ್ವನ್ನ ಎತ್ತಿ ಕೊಟ್ಟಾಂವ ನನಗ ಅಣ್ಣ ಅಲ್ಲ. ಇವತ್ತಿಂದ ನನಗ ಅಣ್ಣ ಇಲ್ಲ,” ಎಂದು ಎಲೆ ಬಿಟ್ಟು ಎದ್ದು ಬಂದೆ.

ಆಮೇಲಿನ ಎರಡು ಪಂಚಮಿಗೂ ಓಣಿಯ ಹೆಂಗಸರು ಅಣ್ಣತಮ್ಮಂದಿರ ಹಿಂದೆ ಗಾಡಿ ಹತ್ತಿ ಹೋಗುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಈ ವರ್ಷ ಅತ್ತಿಗೆಯೇ ನಡುವೆ ಬಿದ್ದು, “ಬರ್ತಾರ, ನೀ ಏನೂ ಅನಬ್ಯಾಡ,” ಎಂದಿದ್ದಳು. ಅಂಥವನು ಬರುವ ದಿನವೇ ನಾನು ಹಗಲಲ್ಲಿ ದೀಪ ಹಚ್ಚಿ ಕೂತಿದ್ದೆ.

ಆ ಮಧ್ಯಾಹ್ನ ಹೇಗೆ ಕಳೆಯಿತೋ. ಎಳ್ಳುಂಡಿಗೆ ಬೆಲ್ಲದ ಪಾಕ ಇಟ್ಟು ಮರೆತೆ, ಉಂಡಿ ಕಲ್ಲಾದವು. ಓಣಿಯ ತುದಿಗೆ ನಾಲ್ಕು ಸಲ ಹೋಗಿ ಬಂದೆ. ಫೋನು ಹಚ್ಚಿದಾಗೆಲ್ಲ ಒಬ್ಬ ಹೆಣ್ಣುಮಗಳು ಅದೇ ಮಾತು ಹೇಳುತ್ತಿದ್ದಳು. ಶ್ರಾವಣದ ಜಿಟಿಜಿಟಿ ಮಳೆ ಬೇರೆ. ದೇವರ ಮುಂದೆ ಕೂತರೆ ನಾಮ ಅರ್ಧಕ್ಕೆ ನಿಂತು, ಹೆದ್ದಾರಿಯ ಲಾರಿಗಳು ಕಣ್ಣಿಗೆ ಬರುತ್ತಿದ್ದವು. ಅವುಗಳ ನಡುವೆ ಆ ತಂಗಿಯೂ ಬರುತ್ತಿದ್ದಳು, ಬೊಗಸೆ ಹಿಡಿದು ನಿಂತೇ ಇದ್ದಾಳೆ, ಹಾಲು ಸೋರುತ್ತಲೇ ಇದೆ. ಕಥೆ ಮುಗಿಸಿಬಿಟ್ಟರೆ ಅವಳಿಗಾದರೂ ಬಿಡುಗಡೆ ಅನಿಸಿತು.

“ಅತ್ತಿ, ನೀವ ಹೂಂ ಅನ್ರಿ, ಮುಗಿಸಿಬಿಡ್ತೇನಿ.”

“ಹಗಲಾಗ ಹೇಳಿದ್ದು ಒಂದು ತಪ್ಪು, ಅರ್ಧಕ್ಕ ಬಿಟ್ಟದ್ದು ಎರಡನೇದು. ಈಗ ಮುಗಿಸಿದ್ರ ಮೂರನೇದು. ಸುಮ್ನ ಕುಂದ್ರು.”

ಸುಮ್ಮನೆ ಕೂಡಲಾಗಲಿಲ್ಲ. ಹಬ್ಬದ ರೊಟ್ಟಿಯನ್ನು ನೆರೆಮನೆಗೆ ಬೀರುವ, ಹಂಚುವ, ನೆವದಲ್ಲಿ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದೆ. ನಾನು ಅಕ್ಕನೆಂದು ಆಪಾ ಅನ್ನುವ ಅಲ್ಲಿನ ಹೆಂಗಸು ಮತ್ತು ನಾನು ಇಪ್ಪತ್ತು ವರ್ಷದ ನೆರೆ. ಅವರ ಯಜಮಾನರದು ವೀಳ್ಯದೆಲೆ ವ್ಯಾಪಾರ. ಆಪಾ ಎಲೆಗೆ ನೀರು ಚಿಮುಕಿಸುತ್ತ ಎಲ್ಲವನ್ನೂ ಕೇಳಿ, “ನಮ್ಮ ದಾದೀನೂ, ಅಂದ್ರ ನಮ್ಮಪ್ಪನ ಅವ್ವ, ಹಿಂಗ ಅಂತಿದ್ರು, ಹಗಲಾಗ ಕಿಸ್ಸಾ ಹೇಳಿದ್ರ ಮಾಮೂಗೆ ರಸ್ತಾ ಸಿಗೂದಿಲ್ಲ ಅಂತ,” ಎಂದರು. ಎರಡೂ ಧರ್ಮದವರು ಒಂದೇ ಮಾತು ಹೇಳಿದ ಮೇಲೆ ಸುಳ್ಳಾಗುವುದು ಹೇಗೆ?

“ಆದ್ರ ನಮ್ಮ ಮಾಮೂ ಹಗಲಾಗೂ ರಸ್ತಾ ತಪ್ತಿದ್ದ, ರಾತ್ರಿನೂ ತಪ್ತಿದ್ದ,” ಎಂದು ಆಪಾ ಎಲೆಯ ಕಟ್ಟು ಬಿಗಿದರು. “ಸೀದಾ ಹೋಟೆಲಿಗೆ ಹೋಗಿ ಕುಂದ್ರತಿದ್ದ. ಅಳಬ್ಯಾಡ್ರಿ, ಬರ್ತಾನ ನಿಮ್ಮ ಭಾಯಿ.”

ನಾನು ಅಳುತ್ತಿದ್ದೆ ಎಂದು ನನಗೆ ಗೊತ್ತಾದದ್ದೇ ಆಗ.

ನಾಲ್ಕೂವರೆಗೆ ಮಗಳು ಶಿಗ್ಗಾಂವಿಯ ಕಾಲೇಜಿನಿಂದ ಬಂದಳು. ಚಪ್ಪಲಿ ಬಿಡುತ್ತಲೇ, “ಅವ್ವಾ, ಮಾಮಾ ಶಿಗ್ಗಾಂವಿ ಬಸ್ ಸ್ಟ್ಯಾಂಡಿನ್ಯಾಗ ಕುಂತಾರ,” ಎಂದಳು.

“ಕುಂತಾರ? ಆರಾಮ ಅದಾರಿಲ್ಲೋ?”

“ಆರಾಮ ಅದಾರ. ಚೀಲ ತೊಡಿ ಮ್ಯಾಲ ಇಟ್ಕೊಂಡು ಕುಂತಾರ. ಫೋನಿನ ಚಾರ್ಜ್ ಮುಗದೈತಂತ.”

“ಜೋಡೀಲೆ ಕರ್ಕೊಂಡು ಬರಬಾರದೇನ?”

“ಕರದೆ. ‘ನೀ ನಡೀವ್ವಾ, ನಾ ಹಿಂದಿನ ಬಸ್ಸಿಗೆ ಬರ್ತೇನಿ’ ಅಂದ್ರು. ಚಾದಂಗಡಿಯಾಂವ ನನಗ ಅಂತಾನ, ಇವರು ಮುಂಜಾನಿ ಹತ್ತರಿಂದ ಇಲ್ಲೇ ಅದಾರ, ಸವಣೂರ ಬಸ್ ಬಂದಾಗೊಮ್ಮೆ ಏಳ್ತಾರ, ಮತ್ತ ಕುಂದ್ರತಾರ ಅಂತ.”

ಮೊದಲು ದೇವರಿಗೆ ಕೈ ಮುಗಿದೆ. ಜೀವದಿಂದ ಇದ್ದಾನೆ, ಅದೇ ದೊಡ್ಡದು. ಮಳೆಗೆ ನೆನೆಯದೆ ಸೂರಿನ ಕೆಳಗಿದ್ದಾನೆ, ಅದೂ ಒಂದು ಉಪಕಾರ. ಆದರೆ ಕೈ ಇಳಿಸಿದ ಮೇಲೆ ಹೊಸ ಸಂಕಟ ಶುರುವಾಯಿತು. ದಾರಿ ತಪ್ಪಿದವನನ್ನು ದೇವರು ದಾರಿಗೆ ಹಚ್ಚುತ್ತಾನೆ. ದಾರಿ ಗೊತ್ತಿದ್ದೂ ಏಳುತ್ತಾನೆ, ಕೂಡುತ್ತಾನೆ ಅಂದರೆ ಅದಕ್ಕೆ ಯಾವ ದೇವರನ್ನು ಬೇಡಬೇಕು? ಅವನು ಹತ್ತದೆ ಬಿಟ್ಟ ಒಂದೊಂದು ಬಸ್ಸೂ ನನ್ನ ಆ ಮಾತನ್ನೇ ಹೊತ್ತು ನಮ್ಮೂರಿಗೆ ಬಂದಂತೆ ಅನಿಸಿತು.

ಐದಾಯಿತು, ಮಗಳ ಹಿಂದೆ ಹೊರಟ ಬಸ್ ಬಂತು. ಮಗಳು ಓಡಿ ಹೋಗಿ ನೋಡಿ ಬಂದಳು. ಅವನಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಹಾನಗಲ್ಲಿಗೆ ಹೋಗುವ ಕೊನೆಯ ಬಸ್ ಶಿಗ್ಗಾಂವಿಗೆ ಬರುತ್ತದೆ. ಅದನ್ನು ಹತ್ತಿದನೆಂದರೆ ಈ ಜನ್ಮದಲ್ಲಿ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಾನು ಕೈ ತೊಳೆದು ಚಪ್ಪಲಿ ಮೆಟ್ಟಿದೆ.

“ಎಲ್ಲಿಗೆ?” ಎಂದರು ಅತ್ತೆ.

“ಶಿಗ್ಗಾಂವಿಗೆ.”

“ಪಂಚಮಿಗೆ ಅಣ್ಣ ಬಂದು ತಂಗೀನ ಕರೀಬೇಕು. ತಂಗಿ ಹೋಗಿ ಅಣ್ಣನ್ನ ಕರ್ಕೊಂಡು ಬರೂದು ಯಾವ ಊರಾಗ ಐತಿ?”

“ಹಗಲಾಗ ಕಥಿ ಹೇಳೂದೂ ಯಾವ ಊರಾಗೂ ಇರಲಿಲ್ಲ ಬಿಡ್ರಿ,” ಎಂದೆ. ಮದುವೆಯಾದ ಮೇಲೆ ಅವರಿಗೆ ಎದುರು ಮಾತಾಡಿದ್ದು ಬಹಳ ಕಡಿಮೆ. ಅವರು ನನ್ನನ್ನೇ ನೋಡಿದರು.

“ಹೋಗೂದ ಆದ್ರ ಎರಡು ರೊಟ್ಟಿ ಕಟ್ಕೊಂಡು ಹೋಗು. ಸಕ್ಕರಿ ಇದ್ದಾಂವ, ಹಸದು ಕುಂತಿರ್ತಾನ. ಉಂಡಿ ಒಯ್ಯಬ್ಯಾಡ. ಅಂವಗ ಆಗೂದಿಲ್ಲ, ಮ್ಯಾಲಾಗಿ ಕಲ್ಲಾಗ್ಯಾವ.”

ಬಸ್ಸಿನಲ್ಲಿ ಹೆಣ್ಣುಮಕ್ಕಳ ಉಚಿತ ಟಿಕೆಟ್ಟಿಗೆ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಮನೆಯಲ್ಲೇ ಬಿಟ್ಟು ಬಂದಿದ್ದೆ, ಚೀಲದಲ್ಲಿ ರೊಟ್ಟಿ ಗಂಟು ಬಿಟ್ಟರೆ ಏನೂ ಇರಲಿಲ್ಲ. ನನ್ನ ಮೊಣಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಅದನ್ನು ನೋಡಿ, “ಇರ್ಲಿ ಕುಂದರಬೇ, ಈ ಹಿಟ್ಟ ಆಧಾರ,” ಎಂದು ಮುಂದೆ ಹೋದ. ಕಿಟಕಿ ಪಕ್ಕದ ಜಾಗವೂ ಸಿಕ್ಕಿತು. ಇಂಥ ಸಣ್ಣ ಸಣ್ಣ ಕೃಪೆಗಳನ್ನು ಬೇರೆ ದಿನವಾಗಿದ್ದರೆ ಬೆರಳು ಮಡಿಚಿ ಎಣಿಸುತ್ತಿದ್ದೆ. ಅಂದು ಎದುರಿಗೆ ಬರುವ ಪ್ರತಿ ಬಸ್ಸಿನ ಕಿಟಕಿಯಲ್ಲಿ ಅವನ ಟೋಪಿ ಹುಡುಕುವುದೇ ಆಯಿತು. ಎಲ್ಲರೂ ಅದೇ ಬಿಳಿ ಟೋಪಿ ಹಾಕಿದವರು. ಒಂದೇ ಬಣ್ಣ, ಒಂದೇ ಎತ್ತರ.

ಶಿಗ್ಗಾಂವಿಯಲ್ಲಿ ಇಳಿಯುವ ಹೊತ್ತಿಗೆ ಮೋಡಕ್ಕೆ ಬೇಗ ಕತ್ತಲಾಗುತ್ತಿತ್ತು. ಹಾನಗಲ್ಲಿನ ಬಸ್ಸು ಬಂದು ನಿಂತೇ ಇತ್ತು. ಜನ ಹತ್ತುತ್ತಿದ್ದರು. ನಾನು ಬಾಗಿಲಲ್ಲಿ ತೂರಿ, ಸೀಟು ಸೀಟು ನೋಡಿಕೊಂಡು ಕೊನೆಯವರೆಗೆ ಹೋದೆ. ಇರಲಿಲ್ಲ. ಇಳಿದು ತಿರುಗಿದರೆ ಅವನು ಅತ್ತ ಕಡೆಯ ಕಲ್ಲಿನ ಆಸನದ ತುದಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಸ್ಸುಗಳಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿದ್ದ. ಎರಡು ವರ್ಷದಲ್ಲಿ ಕುತ್ತಿಗೆ ಸಣ್ಣದಾಗಿತ್ತು.

ಪಕ್ಕದಲ್ಲಿ ಕೂತೆ. ಅವನು ನೋಡಿದ.

“ಯಾಕ ಬಂದಿ?”

“ಸಂತಿಗೆ.”

“ಇವತ್ತು ಸಂತಿ ಇಲ್ಲ.”

“ಹಂಗಾರ ನಿನ್ನ ನೋಡಾಕ.”

ರೊಟ್ಟಿ ಗಂಟು ಬಿಚ್ಚಿ ಕೊಟ್ಟೆ. ಅವನು ಹಸಿವೆಗೆ ಗಬಗಬ ಉಂಡ. ಹಾನಗಲ್ಲಿನ ಬಸ್ಸು ಹಾರ್ನು ಹೊಡೆದು, ಹಿಂದೆ ಸರಿದು, ಹೊರಟು ಹೋಯಿತು. ಇಬ್ಬರೂ ಅದನ್ನು ನೋಡಿದೆವು. ಅವನು ಏಳಲಿಲ್ಲ.

“ನಾ ಇವತ್ತು ಮಧ್ಯಾಹ್ನ ಕಥಿ ಹೇಳಿದೆ,” ಎಂದೆ. “ನೀ ದಾರಿ ತಪ್ಪಿದಿ ಅಂತ ಜೀವ ಹೋಗಿತ್ತು.”

“ದಾರಿ ಏನ್ ತಪ್ಪೂದೈತಿ? ಬಸ್ಸಿನ ಮ್ಯಾಲ ಬೋರ್ಡ್ ಇರ್ತೈತಿ.”

“ಮತ್ತ ಯಾಕ ಬರ್ಲಿಲ್ಲ?”

ಅವನು ಕೈ ಒರೆಸಿಕೊಂಡ. “ಯಾವ ಕಥಿ ಹೇಳಿದಿ?” ಎಂದ.

“ನೂರ ಎತ್ತಿಂದು. ಅರ್ಧಕ್ಕ ನಿಂತೈತಿ. ಅಕಿ ಹಾಲ ಹಿಡ್ಕೊಂಡು ಎತ್ತುಗೋಳ ಮುಂದ ನಿಂತಾಳ.”

“ಅಲ್ಲೇನ ಬಿಡೂದು, ಹುಚ್ಚಿ?” ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು, ಎಳೆಯ ವಯಸ್ಸಿನದು. ತಲೆ ಎತ್ತಿ ಸೂರಿನ ಕಡೆ ನೋಡಿದ. ಬಸ್ ಸ್ಟ್ಯಾಂಡಿನ ಟ್ಯೂಬ್‌ಲೈಟುಗಳು ಒಂದೊಂದಾಗಿ ಮಿಣುಕಿ ಹತ್ತಿಕೊಳ್ಳುತ್ತಿದ್ದವು. “ದೀಪ ಹತ್ಯಾವು. ಮುಗಸು.”

“ಹೂಂ ಅನ್ನಬೇಕು.”

“ಅಂತೇನಿ.”

ಹಾಗೆ ಆ ಗದ್ದಲದಲ್ಲಿ, ಒಂದು ಕಡೆ ಶೇಂಗಾ ಮಾರುವವನು, ಇನ್ನೊಂದು ಕಡೆ ಹುಬ್ಬಳ್ಳಿ ಬಸ್ಸಿಗೆ ಕೂಗುವವನು, ನಾನು ಕಥೆ ಮುಂದುವರಿಸಿದೆ. ತಂಗಿ ಒಂದೊಂದೇ ಎತ್ತಿನ ಮುಂದೆ ನಿಂತು ನೋಡುತ್ತ ಹೋದಳು. ಹೂಂ. ಹಾಲು ತೀರುತ್ತ ಬಂತು. ಹೂಂ. ಕಡೆಗೆ ಒಂದು ಎತ್ತಿನ ಕಣ್ಣಲ್ಲಿ ನೀರು ಬಂತು, ಅದೇ ತನ್ನ ಅಣ್ಣನೆಂದು ಗುರುತು ಹಿಡಿದಳು.

ಹೂಂ ಬರಲಿಲ್ಲ.

“ಅವ್ವ ಹಂಗ ಹೇಳ್ತಿದ್ದಿಲ್ಲ,” ಎಂದ ಅಣ್ಣ.

“ಹಂಗ ಹೇಳ್ತಿದ್ಲು. ನನಗ ಛಂದ ನೆನಪೈತಿ.”

“ನಿನಗೆಲ್ಲಿ ನೆನಪಿರ್ತೈತಿ? ಎತ್ತು ಬರೂದ್ರಾಗ ನಿದ್ದಿ ಹೋಗಿರ್ತಿದ್ದಿ. ಒಂದು ದಿನಾನೂ ಕಡೀತನಕ ಎಚ್ಚರ ಇದ್ದಾಕಿ ಅಲ್ಲ. ಹೂಂ ಅನ್ನಾಂವ ನಾ. ಕಣ್ಣಾಗ ನೀರು ಎಲ್ಲಾ ಎತ್ತಿಗೂ ಇತ್ತು. ತಂಗಿ ಬಂದಾಳ ಅಂತ ಎಲ್ಲಾ ಎತ್ತು ಅಕಿ ಕಡೆ ಬಂದ್ವು, ನನಗ ಹಾಕು, ನನಗ ಹಾಕು ಅಂತ. ಒಂದು ಎತ್ತು ಅಷ್ಟ ಬರಲಿಲ್ಲ. ಮಾರಿ ತಿರುವಿ ನಿಂತಿತ್ತು. ಅದ ಅಣ್ಣ ಅಂತ ಅಕಿ ಗುರ್ತ ಹಿಡದ್ಲು. ಪರರ ಮುಂದ ಯಾರಿಗೂ ನಾಚಿಗಿ ಬರೂದಿಲ್ಲ. ಸ್ವಂತ ತಂಗಿ ಮುಂದ ಅಷ್ಟ ಬರ್ತೈತಿ.”

ನಲವತ್ತು ವರ್ಷ ಅವ್ವನದೆಂದು ಇಟ್ಟುಕೊಂಡಿದ್ದ ಕೊನೆ ನನ್ನ ನಿದ್ದೆಯಲ್ಲಿ ನಾನೇ ಕಟ್ಟಿಕೊಂಡದ್ದಾಗಿತ್ತು. ಅವ್ವನ ನಿಜವಾದ ಕೊನೆ ಇವನ ಹತ್ತಿರ ಇತ್ತು. ಕಲ್ಲು ಕೊಟ್ಟವನ ಹತ್ತಿರ.

ನಾನು ಕೇಳದಿದ್ದರೂ ಅವನೇ ಹೇಳಿದ. “ಅವ್ವ ಹೋದ ಮ್ಯಾಲ ಆ ಕಲ್ಲು ದಿನಾ ಮುಂಜಾನಿ ಗರಗರ ಅಂತಿತ್ತು. ಅಕಿ ಏಳೂ ಹೊತ್ತಿಗೆ. ಎದ್ದು ನೋಡಿದ್ರ ಯಾರೂ ಇರ್ತಿದ್ದಿಲ್ಲ. ಇಷ್ಟು ದೊಡ್ಡ ಗಂಡಸು, ಯಾರ ಮುಂದ ಹೇಳ್ಲಿ? ನಾನೂ ಕುಂತಲ್ಲೇ ಹೂಂ, ಹೂಂ ಅಂತಿದ್ದೆ. ನಿಮ್ಮ ಅತ್ತಿಗಿ ಡಾಕ್ಟರ್ ಕಡೆ ಒಯ್ತೇನಿ ಅಂದ್ಲು. ಅದಕ್ಕ ಕೊಟ್ಟುಬಿಟ್ಟೆ.”

ನನಗೆ ನಗು ಬರಲಿಲ್ಲ. ನಾನು ಅವನನ್ನು ನಂಬಿದೆ, ಈಗಲೂ ನಂಬುತ್ತೇನೆ. ಅಷ್ಟು ಕಥೆ ಕುಡಿದ ಕಲ್ಲು ಒಮ್ಮೆಲೇ ಸುಮ್ಮನಾಗುವುದು ಸಾಧ್ಯವಿಲ್ಲ. ನಾನು ಕೇಳಿದ್ದರೆ ಅಂದೇ ಹೇಳುತ್ತಿದ್ದನೋ ಏನೋ. ನಾನು ಕೇಳಿರಲಿಲ್ಲ, ಅಂದುಬಿಟ್ಟಿದ್ದೆ.

“ಅವತ್ತು ಮೂವತ್ತು ಮಂದಿ ಮುಂದ ಅಂದೆ,” ಎಂದು ಎದ್ದು ನಿಂತೆ. “ಈಗ ಇಷ್ಟ ಮಂದಿ ಮುಂದ ಹೇಳ್ತೇನಿ. ತಪ್ಪಾತಣ್ಣಾ. ನನಗ ಅಣ್ಣ ಅದಾನ.”

ಶೇಂಗಾದವನು ಕೈಯಲ್ಲಿ ಪೊಟ್ಟಣ ಹಿಡಿದು ಹಾಗೇ ನೋಡುತ್ತಿದ್ದ. ಎದುರಿಗೆ ಕೂತ ಅಜ್ಜಿಯೊಬ್ಬಳು ಮಗ್ಗುಲಿನವಳಿಗೆ ಏನೋ ಪಿಸುಗುಟ್ಟಿದಳು.

“ಸಣ್ಣಗ ಅನ್ನು,” ಎಂದ ಅಣ್ಣ, ಟೋಪಿ ತೆಗೆದು ಮತ್ತೆ ಹಾಕಿಕೊಂಡು. “ಎಲ್ಲಾರೂ ನೋಡಾಕತ್ತಾರ. ಕುಂದ್ರು. ಕಥಿ ಮುಗಸು ಮೊದಲ.”

ಕೂತು ಮುಗಿಸಿದೆ. ಮುಖ ತಿರುವಿ ನಿಂತ ಎತ್ತನ್ನು ತಂಗಿ ಬಳಸಿ ಹೋಗಿ, ಉಳಿದಿದ್ದ ಒಂದೇ ಹನಿಯನ್ನು ಅದರ ಹಣೆಗೆ ಇಟ್ಟಳು. ಹೂಂ. ಎತ್ತು ಅಣ್ಣನಾದ. ಹೂಂ. ಮಾಯಗಾತಿ ಹೊಗೆಯಾಗಿ ಹೋದಳು. ಹೂಂ. ಇಬ್ಬರೂ ಮನೆಗೆ ಬಂದು ಪಂಚಮಿ ಮಾಡಿದರು.

“ಉಳಿದ ತೊಂಬತ್ತೊಂಬತ್ತು?” ಎಂದ ಅಣ್ಣ.

“ನನಗೇನ್ ಗೊತ್ತು? ನಾ ನಿದ್ದಿ ಹೋಗ್ತಿದ್ದೆಲ್ಲ.”

“ನಾ ದಿನಾ ಕೇಳ್ತಿದ್ದೆ ಅವ್ವನ್ನ. ಅವಕ್ಕೂ ತಂಗ್ಯಾರು ಅದಾರ, ದಾರ್ಯಾಗ ಬರಾಕತ್ತಾರ, ನೀ ಮಲ್ಕೊ ಅಂತಿದ್ಲು.”

ಸವಣೂರಿನ ಬಸ್ಸು ಬಂತು. ಅಣ್ಣ ಎದ್ದ. ನಾನು ಉಸಿರು ಹಿಡಿದು ನೋಡಿದೆ. ಒಂದು ಕ್ಷಣ ನಿಂತ, ಚೀಲ ಹೆಗಲಿಗೆ ಹಾಕಿದ, ಆಮೇಲೆ ನನಗಿಂತ ಮುಂದಾಗಿ ಗದ್ದಲದಲ್ಲಿ ನುಗ್ಗಿ ಹತ್ತಿ, ಇಬ್ಬರ ಸೀಟಿನ ಮೇಲೆ ಟವೆಲ್ ಹಾಸಿ ಜಾಗ ಹಿಡಿದ.

“ಎಲ್ಲಿಗ್ರಿ ಅಜ್ಜಾರ?” ಎಂದು ಕಂಡಕ್ಟರ್ ಕೇಳಿದ.

“ತಂಗಿ ಮನಿಗೆ,” ಎಂದ ಅಣ್ಣ. ಆಮೇಲೆ ನಾಚಿ, ಗಂಟಲು ಸರಿಮಾಡಿಕೊಂಡು, “ಸವಣೂರ, ಒಂದು,” ಎಂದ.